ಉಸಿರಾಟದ ಅಂಗಗಳು ಮತ್ತು ತೋಟದ ಕೆಲಸ



ಮುಂಗಾರಿಗೆ ಮೊದಲು ಪಂಪು, ಪೈಪು, ಮೈಲುತುತ್ತ, ಸುಣ್ಣ ಎಲ್ಲವನ್ನೂ ಅಣಿಮಾಡಿಕೊಳ್ಳುತ್ತೇವೆ. ಔಷಧಿ ಹೊಡೆಯುವವನ ಮೂಗಿಗೆ ಏನು ರಕ್ಷಣೆ ಎಂದು ಯೋಚಿಸುವುದು ಕಡಿಮೆ. ಅದರ ಅಗತ್ಯ ತಿಳಿಯಲು ಉಸಿರಾಟದ ಅಂಗಗಳ ರಚನೆಯನ್ನು ಸ್ವಲ್ಪ ಅರಿಯಬೇಕು.

ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಕೊಟ್ಟು, ದಪ್ಪ ಧೂಳನ್ನು ತಡೆಯುತ್ತದೆ. ಗಾಳಿ ಗಂಟಲು, ಧ್ವನಿಪೆಟ್ಟಿಗೆ ದಾಟಿ ಸುಮಾರು 11 ಸೆಂಟಿಮೀಟರ್ ಉದ್ದದ ಶ್ವಾಸನಾಳಕ್ಕೆ ಇಳಿಯುತ್ತದೆ. ಈ ನಾಳ ಎರಡಾಗಿ ಸೀಳಿ, ಮೂರು ಹಾಲೆಗಳ ಬಲ ಶ್ವಾಸಕೋಶಕ್ಕೂ ಎರಡು ಹಾಲೆಗಳ ಎಡ ಶ್ವಾಸಕೋಶಕ್ಕೂ ಹೋಗುತ್ತದೆ. ಮುಂದೆ ಮರದ ಕೊಂಬೆಯಂತೆ ಸುಮಾರು 23 ಸಲ ಕವಲೊಡೆದು ವಾಯುಕೋಶಗಳಲ್ಲಿ ಮುಗಿಯುತ್ತದೆ. ಈ ಪುಟ್ಟ ಚೀಲಗಳು 30ರಿಂದ 50 ಕೋಟಿ ಇವೆ. ಎಲ್ಲದರ ಒಳಮೈ ಹರಡಿದರೆ ಸುಮಾರು 70 ಚದರ ಮೀಟರ್ ಆದೀತು. ಇವುಗಳ ತೆಳುವಾದ ಗೋಡೆಯ ಮೂಲಕ ಆಮ್ಲಜನಕ ರಕ್ತಕ್ಕೆ ಸೇರುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಳಹೋಗುವ ಗಾಳಿಯಲ್ಲಿ ಶೇಕಡಾ 21ರಷ್ಟಿದ್ದ ಆಮ್ಲಜನಕ ಹೊರಬರುವಾಗ ಸುಮಾರು 16 ಆಗಿರುತ್ತದೆ.

ಎದೆಗೂ ಹೊಟ್ಟೆಗೂ ನಡುವಿನ ವಪೆ ಎಂಬ ಸ್ನಾಯು ಕೆಳಗಿಳಿದು, ಪಕ್ಕೆಲುಬುಗಳು ಮೇಲೆದ್ದಾಗ ಗಾಳಿ ಒಳನುಗ್ಗುತ್ತದೆ. ಸುಮ್ಮನೆ ಕುಳಿತವನು ನಿಮಿಷಕ್ಕೆ 12ರಿಂದ 16 ಸಲ, ಸಲಕ್ಕೆ ಅರ್ಧ ಲೀಟರಿನಂತೆ ಉಸಿರೆಳೆಯುತ್ತಾನೆ. ಮರ ಹತ್ತುವವನಿಗೆ ಇದರ ಹಲವು ಪಟ್ಟು ಗಾಳಿ ಬೇಕು. ಆಗ ಬಾಯಿಂದಲೂ ಉಸಿರಾಡುವುದರಿಂದ ಮೂಗಿನ ಶೋಧನೆ ತಪ್ಪುತ್ತದೆ.

ನಾಳಗಳ ಒಳಮೈಯಲ್ಲಿ ಲೋಳೆಯೂ ಸೂಕ್ಷ್ಮ ರೋಮಗಳೂ ಇವೆ. ಲೋಳೆಗೆ ಅಂಟಿದ ಧೂಳನ್ನು ರೋಮಗಳು ಮೇಲಕ್ಕೆ ಗುಡಿಸುತ್ತವೆ. ಅದೇ ಕಫವಾಗಿ ಬರುತ್ತದೆ. ಬೀಡಿ, ಸಿಗರೇಟಿನ ಹೊಗೆ ಈ ರೋಮಗಳನ್ನು ಕೆಡಿಸುತ್ತದೆ. ವಾಯುಕೋಶಗಳಲ್ಲಿ ಇಂಥ ರೋಮಗಳೇ ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿ ಮತ್ತು ಧೂಳು ಅಲ್ಲಿಯವರೆಗೂ ಇಳಿದರೆ ಬಹುಕಾಲ ಉಳಿದುಬಿಡಬಹುದು.

ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಬೋರ್ಡೋ ದ್ರಾವಣ ಸಿಂಪಡಿಸಿದವರ ಶ್ವಾಸಕೋಶದಲ್ಲಿ ತಾಮ್ರ ಸೇರಿ ಗಂಟುಗಳಾದುದನ್ನು ವೈದ್ಯರು 1969ರಲ್ಲಿ ವರದಿ ಮಾಡಿದರು. ಕೊಳೆರೋಗಕ್ಕೆ ನಾವು ಹೊಡೆಯುವುದೂ ಅದೇ ಔಷಧಿ. ಕಾಫಿ ಹಲ್ಲಿಂಗಿನ ಧೂಳು, ಬೂಸಲು ಹಿಡಿದ ಅಡಿಕೆ ಸಿಪ್ಪೆಯ ಧೂಳು ಸಹ ಕೆಲವರಲ್ಲಿ ಉಬ್ಬಸ ತರುತ್ತವೆ.

ಆದ್ದರಿಂದ ಸದಸ್ಯರು ಗಮನಿಸಬೇಕಾದ್ದು:

1. ಮುಖಕ್ಕೆ ಕಟ್ಟಿದ ಟವೆಲ್ಲು ದಪ್ಪ ಧೂಳನ್ನಷ್ಟೇ ತಡೆದೀತು. ಸಿಂಪಡಣೆಗೆ ಮುಖಕ್ಕೆ ಸರಿಯಾಗಿ ಕೂರುವ ಶೋಧಕ ಮುಖವಾಡ ಕೊಡಿಸಿ.
2. ಗಾಳಿಗೆ ಎದುರಾಗಿ ಔಷಧಿ ಹೊಡೆಸಬೇಡಿ.
3. ಹಲ್ಲಿಂಗ್, ಸುಲಿಯುವ ಕೆಲಸ ಗಾಳಿಯಾಡುವ ಕಡೆ ನಡೆಯಲಿ.
4. ಎರಡು ವಾರ ಮೀರಿದ ಕೆಮ್ಮನ್ನು ಶೀತವೆಂದು ಬಿಡದೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ವೈದ್ಯರಿಗೆ ಮಾಡುವ ಕೆಲಸವನ್ನೂ ತಿಳಿಸಿ.

ಮುಖವಾಡದ ಖರ್ಚನ್ನು ಮೈಲುತುತ್ತದ ಖರ್ಚಿನೊಡನೆಯೇ ಲೆಕ್ಕಕ್ಕೆ ಹಿಡಿಯುವುದು ತೋಟದ ಯಜಮಾನನ ಕರ್ತವ್ಯ.

— ಕಾರ್ಯದರ್ಶಿ