ಜರ್ಮನ್ ಲೀಡ್ ಗಾನದಲ್ಲಿ ಮಾತು ಮತ್ತು ಧಾತು

ಜರ್ಮನ್ ಭಾಷೆಯಲ್ಲಿ ‘ಲೀಡ್’ ಎಂಬ ಶಬ್ದಕ್ಕೆ ಹಾಡು ಎಂದಷ್ಟೇ ಅರ್ಥ. ಆದರೆ ಸಂಗೀತದ ಪರಿಭಾಷೆಯಲ್ಲಿ ಅದು ಒಂದು ಪ್ರತ್ಯೇಕ ಪ್ರಕಾರದ ಹೆಸರಾಗಿದೆ. ಒಬ್ಬ ಕವಿಯು ಬರೆದ ಕಿರುಗವಿತೆಗೆ ಬೇರೊಬ್ಬ ಸಂಗೀತರಚಕನು ಒಂದು ಕಂಠಕ್ಕೂ ಒಂದು ಪಿಯಾನೋವಿಗೂ ಹೊಂದುವಂತೆ ರಚಿಸಿದ ಗೀತವೇ ಲೀಡ್. ಇಂತಹ ಗೀತಗಳನ್ನೇ ಆಯ್ದು, ಒಬ್ಬ ಗಾಯಕ ಅಥವಾ ಗಾಯಕಿ ಮತ್ತು ಒಬ್ಬ ಪಿಯಾನೋವಾದಕ, ಈ ಇಬ್ಬರೇ ಸೇರಿ ನಡೆಸುವ ಸಂಜೆಯ ಕಚೇರಿಗೆ ಜರ್ಮನರು ‘ಲೀಡರ್‌ಆಬೆಂಡ್’ ಎನ್ನುತ್ತಾರೆ; ಗೀತಸಂಧ್ಯೆ ಎಂದು ಅದನ್ನು ಕನ್ನಡಿಸಬಹುದು. ಅದರಲ್ಲಿ ವೇಷಭೂಷಣಗಳಿಲ್ಲ, ರಂಗಸಜ್ಜಿಕೆಯಿಲ್ಲ, ದೊಡ್ಡ ವಾದ್ಯಮೇಳವಿಲ್ಲ. ಹಾಡಲಿರುವ ಕವಿತೆಗಳ ಅಚ್ಚಾದ ಪಾಠವನ್ನು ಶ್ರೋತೃಗಳಿಗೆ ಕೊಡುವುದು ವಾಡಿಕೆ. ಸಂಗೀತವನ್ನು ಕೇಳಲು ಬಂದವರಿಗೆ ಕಾವ್ಯದ ಪುಟವನ್ನು ಕೈಗಿಡುವ ಈ ಕಚೇರಿಯು ಸಾಹಿತ್ಯಾಭ್ಯಾಸಿಗಳ ಮುಂದೆ ಒಂದು ಪ್ರಶ್ನೆಯನ್ನು ಇಡುತ್ತದೆ. ಕವಿತೆಯು ಗೀತವಾದಾಗ ಅದರ ಅರ್ಥವನ್ನು ನಿರ್ಣಯಿಸುವವರು ಯಾರು? ಕವಿಯೇ, ಸಂಗೀತರಚಕನೇ, ಹಾಡುವವನೇ?

ಭಾರತೀಯ ಸಂಗೀತಶಾಸ್ತ್ರವು ಗೀತದ ಸಾಹಿತ್ಯಭಾಗವನ್ನು ಮಾತು ಎಂದೂ ಸ್ವರಭಾಗವನ್ನು ಧಾತು ಎಂದೂ ಕರೆದು, ಎರಡನ್ನೂ ತಾನೇ ನಿರ್ಮಿಸಬಲ್ಲವನನ್ನು ವಾಗ್ಗೇಯಕಾರನೆಂದು ಗೌರವಿಸಿದೆ. ಪುರಂದರದಾಸರ ಕೀರ್ತನೆಗಳ ವಿಷಯದಲ್ಲಿ ಭಕ್ತಿ, ಪದ, ಹಾಡುಗಾರಿಕೆಗಳು ಒಂದೇ ಮನಸ್ಸಿನಿಂದ ಹೊರಟವು ಎಂಬ ಭಾವನೆಯು ನಮ್ಮ ಜನರಲ್ಲಿ ಬೇರೂರಿದೆ. ಲೀಡಿನಲ್ಲಿ ಸ್ಥಿತಿಯು ಬೇರೆ. ಅಲ್ಲಿ ಮಾತು ಒಬ್ಬನದು, ಧಾತು ಇನ್ನೊಬ್ಬನದು. ಎಷ್ಟೋ ವೇಳೆ ಕವಿಯು ಸಂಗೀತರಚಕನನ್ನು ಕಂಡೇ ಇರುವುದಿಲ್ಲ. ಕವಿತೆಯು ಪುಸ್ತಕದಲ್ಲಿ ಅಚ್ಚಾಗಿ, ತನ್ನಷ್ಟಕ್ಕೆ ಪೂರ್ಣವಾಗಿ, ಓದುಗರ ಮೆಚ್ಚಿಕೆಯನ್ನು ಪಡೆದ ಮೇಲೆ ಸಂಗೀತವು ಅದರ ಬಳಿಗೆ ಬರುತ್ತದೆ. ಆದುದರಿಂದ ಲೀಡಿನ ಧಾತುವು ಮಾತಿನ ಸಹಜಾತವಲ್ಲ. ಅದು ಮಾತಿನ ಓದು. ಓದುಗಳಲ್ಲಿ ಭೇದವಿರುವಂತೆಯೇ ಇಲ್ಲಿಯೂ ಭೇದವುಂಟಾಗುತ್ತದೆ. ಅದರಿಂದ ವಿವಾದವೂ ಹುಟ್ಟುತ್ತದೆ.

ವಿವಾದದ ಮೊದಲನೆಯ ಪಕ್ಷವು ಮಹಾಕವಿ ಗಯಟೆಯದು. ‘ಎರ್ಲ್‌ಕ್ಯೋನಿಗ್’ ಎಂಬ ಅವನ ಪ್ರಸಿದ್ಧ ಕಥನಗೀತವು 1782ರಲ್ಲಿ ‘ದೀ ಫಿಷರಿನ್’ ಎಂಬ ಗೇಯನಾಟಕದ ಅಂಗವಾಗಿ ಕಾಣಿಸಿಕೊಂಡಿತು. ವೈಮರಿನ ಸಮೀಪದ ಟೀಫುರ್ಟಿನಲ್ಲಿ, ನದಿಯ ದಡದ ಬಯಲಿನಲ್ಲಿ ಆ ನಾಟಕವನ್ನು ಆಡಿದರು. ಬೆಸ್ತರ ಹುಡುಗಿಯ ಪಾತ್ರವನ್ನು ವಹಿಸಿದ್ದ ಕೊರೋನಾ ಷ್ರೋಟರ್ ತಾನೇ ಕಟ್ಟಿದ ಸರಳವಾದ ಒಂದು ಧಾಟಿಯಲ್ಲಿ, ಕೆಲಸದ ನಡುವೆ ಗುನುಗುವಂತೆ, ಅದನ್ನು ಹಾಡಿದಳು. ಎಂಟು ಪದ್ಯಗಳಿಗೂ ಒಂದೇ ಧಾಟಿ. ಗಯಟೆಯ ಅಭಿಮತವೂ ಇದೇ ಆಗಿತ್ತು. ಧಾಟಿಯು ಎಲ್ಲ ಪದ್ಯಗಳಿಗೂ ಒಂದೇ ಆಗಿರಬೇಕು. ಪದ್ಯದಿಂದ ಪದ್ಯಕ್ಕೆ ಮಾರ್ಪಡುವ ಭಾವವನ್ನು ಹಾಡುವವನು ತನ್ನ ಉಚ್ಚಾರಣೆಯಿಂದಲೂ ಧ್ವನಿಯ ಬಣ್ಣದಿಂದಲೂ ತೋರಿಸಬೇಕು. ಪ್ರತಿಯೊಂದು ಪದ್ಯಕ್ಕೂ ಬೇರೆ ಬೇರೆ ಸಂಗೀತವನ್ನು ಹೂಡಿದರೆ ಗೀತದ ಒಟ್ಟು ಭಾವವು ಒಡೆದುಹೋಗುತ್ತದೆಂದು ಅವನ ಎಣಿಕೆ. ಅವನ ಮಿತ್ರನಾದ ತ್ಸೆಲ್ಟರನೂ ಅವನಿಗಿಂತ ಮೊದಲು ರೈಖಾರ್ಟನೂ ಈ ಮಾರ್ಗದಲ್ಲಿಯೇ ಅವನ ಕವಿತೆಗಳಿಗೆ ಧಾಟಿಗಳನ್ನು ಕಟ್ಟಿದರು. ಕನ್ನಡದ ಗಮಕವನ್ನು ಬಲ್ಲವರಿಗೆ ಗಯಟೆಯ ಮಾತು ಅಪರಿಚಿತವಾಗಿ ತೋರದು. ಕಾವ್ಯವಾಚನದಲ್ಲಿ ರಾಗವು ಪದ್ಯದ ಸೇವಕನಾಗಿರತಕ್ಕುದು. ಅರ್ಥವು ಮಸುಳುವಷ್ಟು ಅದು ಮೆರೆಯಬಾರದೆಂಬುದೇ ಅಲ್ಲಿಯೂ ನಿಯಮ.

ಎರಡನೆಯ ಪಕ್ಷವನ್ನು ಹೂಡಿದವನು ವಿಯೆನ್ನಾ ನಗರದ ಫ್ರಾಂಟ್ಸ್ ಷೂಬರ್ಟ್. 1814ರ ಅಕ್ಟೋಬರ್ 19ರಂದು, ಹದಿನೇಳು ವರ್ಷದ ತರುಣನಾಗಿದ್ದಾಗ, ಅವನು ಗಯಟೆಯ ‘ಫೌಸ್ಟ್’ ನಾಟಕದಲ್ಲಿ ಗ್ರೆಟ್ಖೆನ್ ರಾಟೆಯ ಮುಂದೆ ಕುಳಿತು ಹಾಡಿಕೊಳ್ಳುವ ಗೀತಕ್ಕೆ ಸಂಗೀತವನ್ನು ರಚಿಸಿದನು. ಮರುವರ್ಷವೇ ‘ಎರ್ಲ್‌ಕ್ಯೋನಿಗ್’ ಅವನ ಕೈಗೆ ಬಂದಿತು. ಕಥೆಯನ್ನು ಹೇಳುವವನು, ತಂದೆ, ಮಗು, ಮಗುವನ್ನು ಮರುಳುಗೊಳಿಸುವ ಭೂತರಾಜ, ಈ ನಾಲ್ವರ ಧ್ವನಿಗಳನ್ನೂ ಒಬ್ಬನೇ ಗಾಯಕನು ಬೇರೆ ಬೇರೆಯಾಗಿ ಹೊರಡಿಸುವಂತೆ ಅವನು ಅದನ್ನು ಕಟ್ಟಿದನು. ಪಿಯಾನೋವಾದಕನ ಬಲಗೈಯಲ್ಲಿ ಕುದುರೆಯ ಓಟವು ಗೀತದ ಉದ್ದಕ್ಕೂ ಬಡಿಯುತ್ತಿರುತ್ತದೆ. ಕಡೆಯಲ್ಲಿ ಓಟವು ನಿಲ್ಲುತ್ತದೆ. ಮಗುವಿನ ಮರಣವನ್ನು ಗಾಯಕನು ಬರಿಯ ಮಾತಿನಂತೆ ನುಡಿದು ಮುಗಿಸುತ್ತಾನೆ. 1816ರಲ್ಲಿ ಷೂಬರ್ಟನ ಮಿತ್ರನಾದ ಷ್ಪೌನನು ಈ ಗೀತಗಳ ಪ್ರತಿಯನ್ನು ಗಯಟೆಗೆ ಕಳುಹಿಸಿದನು. ಅಭಿಪ್ರಾಯವಾಗಿ ಒಂದು ಮಾತೂ ಇಲ್ಲದೆ ಅವು ಹಿಂದಿರುಗಿದುವು. ಷೂಬರ್ಟನು 1828ರಲ್ಲಿ ಮೂವತ್ತೊಂದನೆಯ ವಯಸ್ಸಿನಲ್ಲಿ ಗತಿಸಿದನು. 1830ರಲ್ಲಿ ವಿಲ್‌ಹೆಲ್ಮೀನ ಷ್ರೋಡರ್‌ಡೆವ್ರಿಯಾಂಟ್ ಎಂಬ ಗಾಯಕಿಯು ವೈಮರಿನಲ್ಲಿ ‘ಎರ್ಲ್‌ಕ್ಯೋನಿಗ್’ ಗೀತವನ್ನು ಹಾಡಿದಾಗ, ಹೀಗೆ ಹಾಡಿದರೆ ಇಡೀ ಗೀತವು ಕಣ್ಣಿಗೆ ಕಟ್ಟುವ ಚಿತ್ರವಾಗುತ್ತದೆಂದು ವೃದ್ಧಕವಿಯು ಮೆಚ್ಚಿದನೆಂಬುದು ನಟನಾದ ಗೆನಾಸ್ಟನ ಸ್ಮರಣೆಗಳಿಂದ ತಿಳಿದುಬರುತ್ತದೆ.

ಈ ಎರಡು ಪಕ್ಷಗಳ ಅಂತರವು ಎಲ್ಲಿದೆಯೆಂದು ಅರಿಯಬೇಕಾದರೆ ಪಿಯಾನೋವಿನ ಸ್ಥಾನವನ್ನು ಗಮನಿಸಬೇಕು. ಕರ್ಣಾಟಕ ಸಂಗೀತದ ಕಚೇರಿಯಲ್ಲಿ ಪಿಟೀಲು ಗಾಯಕನ ಸಂಚಾರವನ್ನು ನೆರಳಿನಂತೆ ಹಿಂಬಾಲಿಸುತ್ತದೆ. ಲೀಡಿನ ಪಿಯಾನೋ ಹಾಗೆ ಹಿಂಬಾಲಿಸುವುದಿಲ್ಲ. ಅದು ಹಲವು ಸ್ವರಗಳನ್ನು ಏಕಕಾಲದಲ್ಲಿ ನುಡಿಸಬಲ್ಲದು. ಆ ಸ್ವರಗಳ ಮೇಳದಿಂದ ನೆಮ್ಮದಿ, ಆತಂಕ, ನಿರೀಕ್ಷೆ ಮೊದಲಾದುವನ್ನು ಸೂಚಿಸಬಲ್ಲದು. ಕಂಠವು ಕವಿಯ ಮಾತನ್ನು ನುಡಿಯುತ್ತಿರುವಾಗಲೇ ಪಿಯಾನೋ ಆ ಮಾತಿನ ಹಿಂದಿರುವುದನ್ನೋ ಅದಕ್ಕೆ ಎದುರಾದುದನ್ನೋ ನುಡಿಯಬಹುದು. ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ವಾಚ್ಯವು ಕಂಠದ ಪಾಲಿಗೆ, ವ್ಯಂಗ್ಯದ ಬಹುಭಾಗವು ಪಿಯಾನೋವಿನ ಪಾಲಿಗೆ ಬಂದಿದೆ.

ಗ್ರೆಟ್ಖೆನಳ ಗೀತದಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ವಾದಕನ ಬಲಗೈಯಲ್ಲಿ ರಾಟೆಯು ತಿರುಗುತ್ತದೆ. ಎಡಗೈಯಲ್ಲಿ ಅದರ ಕಾಲ್ಮಣೆಯು ಬಡಿಯುತ್ತದೆ. ಹುಡುಗಿಯು ತನ್ನ ಪ್ರಿಯನ ನಡೆ, ನಗೆ, ನೋಟಗಳನ್ನು ಒಂದೊಂದಾಗಿ ನೆನೆದು ಅವನ ಮುತ್ತಿನ ನೆನಪಿಗೆ ಬಂದೊಡನೆ ರಾಟೆಯು ನಿಂತುಬಿಡುತ್ತದೆ. ಮತ್ತೆ ತಡವರಿಸುತ್ತ, ನಿಂತು ನಿಂತು, ಕೆಲಸವು ಮೊದಲಾಗುತ್ತದೆ. ರಾಟೆಯು ನಿಂತಿತೆಂದು ಕವಿಯು ಎಲ್ಲಿಯೂ ಬರೆದಿಲ್ಲ. ಇದಕ್ಕಿಂತ ಮಿಗಿಲಾದ ಒಂದು ಸ್ವಾತಂತ್ರ್ಯವನ್ನು ಷೂಬರ್ಟನು ಕಡೆಯಲ್ಲಿ ವಹಿಸಿದ್ದಾನೆ. ಗಯಟೆಯ ಕವಿತೆಯಲ್ಲಿ ಮೊದಲ ಪದ್ಯವು ನಡುವೆ ಎರಡು ಬಾರಿ ಮರಳಿ ಬಂದರೂ ಕೊನೆಯಲ್ಲಿ ಬರುವುದಿಲ್ಲ. ಆಸೆಯು ತನ್ನ ತುದಿಯನ್ನು ಮುಟ್ಟಿದ ಕ್ಷಣದಲ್ಲಿಯೇ ಕವಿತೆಯು ಮುಗಿಯುತ್ತದೆ. ಷೂಬರ್ಟನಾದರೋ ಮೊದಲ ಪದ್ಯದ ಆರಂಭವನ್ನು ತಂದು ಕೊನೆಗೆ ಸೇರಿಸಿದ್ದಾನೆ. ಕವಿಯ ಗ್ರೆಟ್ಖೆನಳು ಬಯಕೆಯ ಶಿಖರದಲ್ಲಿ ನಿಲ್ಲುತ್ತಾಳೆ. ಷೂಬರ್ಟನ ಗ್ರೆಟ್ಖೆನಳು ಮತ್ತೆ ರಾಟೆಗೆ ಮರಳಿ, ಹಿಂದಿನ ಅಶಾಂತಿಯಲ್ಲಿಯೇ ಸುತ್ತುತ್ತಾಳೆ. ಇದು ಪಾಠಭೇದವೇ ಸರಿ. ಗೀತವನ್ನು ಕೇಳಿ ಕವಿತೆಯನ್ನು ಅರಿತೆನೆಂದುಕೊಳ್ಳುವ ವಿದ್ಯಾರ್ಥಿಯು ಗಯಟೆಯ ಮುಕ್ತಾಯವನ್ನು ಅರಿಯದೆ ಹೋಗುವನು.

ಇಂತಹ ಸ್ವಾತಂತ್ರ್ಯಕ್ಕೆ ಪ್ರತಿಯಾಗಿ ಸಂಗೀತವು ಕೊಡುವುದೇನೆಂಬುದಕ್ಕೆ 1827ರ ‘ವಿಂಟರ್‌ರೈಸ’ ಉದಾಹರಣೆಯಾಗಿದೆ. ವಿಲ್‌ಹೆಲ್ಮ್ ಮ್ಯುಲರನ 24 ಕವಿತೆಗಳ ಈ ಮಾಲೆಯಲ್ಲಿ, ಪ್ರೇಮದಲ್ಲಿ ಭಗ್ನನಾದ ಒಬ್ಬನು ಚಳಿಗಾಲದ ಹಿಮದಲ್ಲಿ ಊರಿನಿಂದ ಊರಿಗೆ ಅಲೆಯುತ್ತಾನೆ. ಕೊನೆಯ ಗೀತದಲ್ಲಿ ಊರಾಚೆ ಮಂಜಿನ ಮೇಲೆ ಬರಿಗಾಲಿನಲ್ಲಿ ನಿಂತ ಒಬ್ಬ ಮುದುಕನು ಕಾಣಿಸುತ್ತಾನೆ. ಚಕ್ರವನ್ನು ತಿರುಗಿಸಿ ತಂತಿಗಳನ್ನು ನುಡಿಸುವ ತನ್ನ ವಾದ್ಯವನ್ನು ಅವನು ಬಾರಿಸುತ್ತಲೇ ಇದ್ದಾನೆ. ಕೇಳುವವರಿಲ್ಲ, ತಟ್ಟೆಯಲ್ಲಿ ಕಾಸಿಲ್ಲ. ಷೂಬರ್ಟನು ಪಿಯಾನೋವಾದಕನ ಎಡಗೈಗೆ ಆಧಾರಸ್ವರವನ್ನೂ ಅದರ ಪಂಚಮವನ್ನೂ ಮಾತ್ರ ಕೊಟ್ಟು, ಮೊದಲಿನಿಂದ ಕೊನೆಯವರೆಗೆ ಅವನ್ನು ಕದಲಿಸದೆ ಇಟ್ಟಿದ್ದಾನೆ. ತಂಬೂರಿಯ ಶ್ರುತಿಯನ್ನು ಕೇಳಿ ಬೆಳೆದ ಕಿವಿಗೆ ಷಡ್ಜಪಂಚಮಗಳು ಸಂಗೀತದ ನೆಲಗಟ್ಟಿನಂತೆ, ಧೈರ್ಯವನ್ನು ಕೊಡುವ ಆಶ್ರಯದಂತೆ ತೋರುವುದು ಸಹಜ. ಸ್ವರಮೇಳಗಳು ಕ್ಷಣಕ್ಷಣಕ್ಕೂ ಚಲಿಸುವ ಯೂರೋಪಿನ ಸಂಗೀತದಲ್ಲಿ ಅದೇ ಷಡ್ಜಪಂಚಮಗಳು ಕದಲದೆ ನಿಂತಾಗ ಅವು ಬರಿದುತನದ ಲಕ್ಷಣವಾಗುತ್ತವೆ. ಹೋಗಲು ಇನ್ನು ದಾರಿಯಿಲ್ಲವೆಂಬುದನ್ನು ಕವಿಯು ಹೇಳಿಲ್ಲ, ಎಡಗೈಯು ಹೇಳುತ್ತದೆ. ತನ್ನೊಡನೆ ಬರಲೇ ಎಂದು ಅಲೆಮಾರಿಯು ಮುದುಕನನ್ನು ಕೇಳುವ ಪ್ರಶ್ನೆಗೆ ಕವಿತೆಯಲ್ಲಿ ಉತ್ತರವಿಲ್ಲ. ಸಂಗೀತವೂ ಉತ್ತರವನ್ನು ಕೊಡದೆ ನಿಲ್ಲುತ್ತದೆ. ಇಲ್ಲಿ ಧಾತುವು ಮಾತನ್ನು ಮೀರದೆ ಅದರ ಆಳವನ್ನು ತೋರಿಸಿದೆ. ಈ ಮಾಲೆಯ ಎರಡನೆಯ ಭಾಗದ ಕರಡಚ್ಚುಗಳನ್ನು ಷೂಬರ್ಟನು ತನ್ನ ಕಡೆಯ ರೋಗಶಯ್ಯೆಯಲ್ಲಿ ತಿದ್ದಿದನು.

ಪಿಯಾನೋವಿನ ಅಧಿಕಾರವನ್ನು ಇನ್ನೂ ಮುಂದಕ್ಕೆ ಒಯ್ದವನು ರಾಬರ್ಟ್ ಷೂಮನ್. ಕ್ಲಾರಾಳೊಡನೆ ಅವನ ವಿವಾಹವು ನಡೆದ 1840ನೆಯ ವರ್ಷವೊಂದರಲ್ಲಿಯೇ ಅವನು ನೂರಕ್ಕೂ ಮಿಕ್ಕ ಗೀತಗಳನ್ನು ರಚಿಸಿದನು. ಹೈನೆಯ 16 ಕವಿತೆಗಳ ‘ಡಿಖ್ಟರ್‌ಲೀಬ’ ಮಾಲೆಯು ಅವುಗಳಲ್ಲಿ ಒಂದು. ಕೊನೆಯ ಕವಿತೆಯಲ್ಲಿ ಕವಿಯು ತನ್ನ ಹಳೆಯ ಹಾಡುಗಳನ್ನೂ ಪ್ರೇಮವನ್ನೂ ನೋವನ್ನೂ ದೊಡ್ಡದೊಂದು ಶವಪೆಟ್ಟಿಗೆಯಲ್ಲಿಟ್ಟು ಮುಳುಗಿಸಬೇಕೆನ್ನುತ್ತಾನೆ. ಹೈನೆಯ ಧಾಟಿಯು ಕಟಕಿಯದು. ದುಃಖವನ್ನು ಹೇಳುತ್ತಲೇ ಅದನ್ನು ಹಂಗಿಸುವುದು ಅವನ ರೀತಿ. ಷೂಮನನಲ್ಲಿ ಕಂಠವು ಈ ಮಾತನ್ನು ಹೇಳಿ ಮುಗಿಸಿದ ಮೇಲೆ ಪಿಯಾನೋ ಒಂದೇ ಬಹಳ ಹೊತ್ತು ನುಡಿಯುತ್ತದೆ. ಆಗ ಅದು ಎತ್ತಿಕೊಳ್ಳುವುದು ಹನ್ನೆರಡನೆಯ ಗೀತದ ಕೊನೆಯಲ್ಲಿ ಕೇಳಿಬಂದ ಸಂಗೀತವನ್ನು. ಆ ಗೀತದಲ್ಲಿ ತೋಟದ ಹೂಗಳು ನೊಂದ ಪ್ರೇಮಿಯನ್ನು ಕುರಿತು, ತಮ್ಮ ಸೋದರಿಯ ಮೇಲೆ ಮುನಿಯಬೇಡವೆಂದು ಬೇಡಿಕೊಂಡಿದ್ದುವು. ಎಂದರೆ ಕವಿಯು ಕಟಕಿಯಿಂದ ಮುಗಿಸಿದುದನ್ನು ಷೂಮನನು ಕ್ಷಮೆಯಿಂದ ಮುಗಿಸಿದ್ದಾನೆ. ಮಾತುಗಳು ಬಹುಮಟ್ಟಿಗೆ ಹಾಗೆಯೇ ಉಳಿದಿವೆ; ಆದರೂ ತಾತ್ಪರ್ಯವು ಬದಲಾಗಿದೆ. ಈ ಹೊತ್ತಿನಲ್ಲಿ ಗಾಯಕನು ಮೌನವಾಗಿ ನಿಂತು ಕೇಳುತ್ತಿರಬೇಕಾಗುತ್ತದೆ. ಆ ಮೌನವನ್ನು ಹೇಗೆ ನಿಭಾಯಿಸುತ್ತಾನೆಂಬುದೂ ಅವನ ವಿದ್ಯೆಗೆ ಒಂದು ಪರೀಕ್ಷೆ.

ಹೂಗೊ ವೋಲ್ಫನು ಕವಿಗೆ ಮತ್ತೆ ಅಗ್ರಸ್ಥಾನವನ್ನು ಕೊಡಲೆಳಸಿದನು. 1888ರಲ್ಲಿ ರಚಿಸಿದ 53 ಗೀತಗಳ ಸಂಪುಟಕ್ಕೆ ಅವನು ಕೊಟ್ಟ ಹೆಸರು, ಕಂಠ ಮತ್ತು ಪಿಯಾನೋಗಳಿಗಾಗಿ ಎಡ್ವರ್ಡ್ ಮೋರಿಕೆಯ ಕವಿತೆಗಳು ಎಂಬರ್ಥದ್ದು. ಮೊದಲಲ್ಲಿ ಕವಿಯ ಭಾವಚಿತ್ರವನ್ನೇ ಹಾಕಿಸಿದನು. ಗೀತವನ್ನು ಹಾಡುವ ಮೊದಲು ಕವಿತೆಯನ್ನು ಗಟ್ಟಿಯಾಗಿ ಓದಿ ಕೇಳಿಸುವುದು ಅವನ ಪದ್ಧತಿಯಾಗಿತ್ತು. ಇಷ್ಟು ವಿನಯವುಳ್ಳವನ ಗೀತಗಳಲ್ಲಿಯೂ ಪಿಯಾನೋವಿನ ಭಾಗವು ತಗ್ಗಲಿಲ್ಲ, ಮತ್ತಷ್ಟು ತುಂಬಿಕೊಂಡಿತು. ಕವಿತೆಯನ್ನು ಸೂಕ್ಷ್ಮವಾಗಿ ಓದಿದಷ್ಟೂ ವ್ಯಾಖ್ಯಾನವು ಬೆಳೆಯುವುದು ಸ್ವಾಭಾವಿಕವಷ್ಟೆ.

ಮೊದಮೊದಲು ಈ ಗೀತಗಳ ನೆಲೆಯು ಮನೆಯ ಕೋಣೆಯಾಗಿತ್ತು. ಷೂಬರ್ಟನ ಮಿತ್ರರು ಸೇರುತ್ತಿದ್ದ ಗೋಷ್ಠಿಗಳಿಗೆ ‘ಷೂಬರ್ಟಿಯಾಡ’ ಎಂಬ ಹೆಸರೇ ಬಿದ್ದಿತು. ಫೋಗಲ್ ಎಂಬ ಗಾಯಕನು ಹಾಡುವನು, ಷೂಬರ್ಟನು ಪಿಯಾನೋ ನುಡಿಸುವನು. ಸಾರ್ವಜನಿಕ ಸಭೆಗಳಲ್ಲಿ ಒಂದೆರಡು ಗೀತಗಳು ಬೇರೆ ವಾದ್ಯಕೃತಿಗಳ ನಡುವೆ ಸೇರುತ್ತಿದ್ದುವು. ಒಂದು ಮಾಲೆಯನ್ನು ಇಡಿಯಾಗಿ ಹಾಡುವ ಧೈರ್ಯವನ್ನು ಮೊದಲು ತೋರಿದವನು ಯೂಲಿಯುಸ್ ಷ್ಟಾಕ್‌ಹೌಸನ್. ಅವನು 1856ರಲ್ಲಿ ವಿಯೆನ್ನಾದಲ್ಲಿ ಷೂಬರ್ಟನ ‘ದೀ ಷ್ಯೋನ ಮ್ಯುಲರಿನ್’ ಮಾಲೆಯನ್ನೂ, 1861ರಲ್ಲಿ ಹಾಂಬುರ್ಗಿನಲ್ಲಿ ಬ್ರಾಮ್ಸನು ಪಿಯಾನೋ ನುಡಿಸಲು ‘ಡಿಖ್ಟರ್‌ಲೀಬ’ವನ್ನೂ ಪೂರ್ಣವಾಗಿ ಹಾಡಿದನು. ಇದರಿಂದ ಬಿಡಿ ಹಾಡುಗಳು ಒಂದು ಕಾವ್ಯದ ಸರ್ಗಗಳಂತೆ ಕೇಳಲ್ಪಟ್ಟುವು. ಮಾಲೆಯ ನಡುವೆ ಚಪ್ಪಾಳೆ ತಟ್ಟದಿರುವ ರೂಢಿಯೂ ಕಾಲಕ್ರಮದಲ್ಲಿ ನೆಲೆಗೊಂಡಿತು. ಪಿಯಾನೋವಾದಕನಿಗೆ ಸಮಾನಗೌರವವು ಬರಲು ಮತ್ತಷ್ಟು ಕಾಲ ಹಿಡಿಯಿತು. ಇಂಗ್ಲೆಂಡಿನ ಜೆರಾಲ್ಡ್ ಮೂರನು ಪಕ್ಕವಾದ್ಯದವನು ನಾಚಬೇಕಾದುದಿಲ್ಲವೆಂದು ಸಾರುವ ಹೆಸರಿನ ಪುಸ್ತಕವನ್ನೇ 1943ರಲ್ಲಿ ಪ್ರಕಟಿಸಿದನು. 1967ರಲ್ಲಿ ಲಂಡನ್ನಿನಲ್ಲಿ ನಡೆದ ಅವನ ವಿದಾಯದ ಕಚೇರಿಯಲ್ಲಿ ಷ್ವಾರ್ಟ್ಸ್‌ಕೋಪ್ಫ್, ವಿಕ್ಟೋರಿಯಾ ದೆ ಲೊಸ್ ಆಂಖೆಲೆಸ್, ಫಿಷರ್‌ಡೀಸ್ಕೌ ಈ ಮೂವರೂ ಹಾಡಿದರು. ಕಡೆಯಲ್ಲಿ ಮೂರನು ಷೂಬರ್ಟನ ‘ಆನ್ ದೀ ಮ್ಯೂಸಿಕ್’ ಗೀತವನ್ನು ಕಂಠವಿಲ್ಲದೆ ಪಿಯಾನೋವಿನಲ್ಲಿಯೇ ನುಡಿಸಿ ಕಚೇರಿಯನ್ನು ಮುಗಿಸಿದನು.

ಧ್ವನಿಮುದ್ರಣವು ಈ ಕಲೆಯನ್ನು ದೂರದ ದೇಶಗಳಿಗೂ ಒಯ್ದಿತು. 1931ರಲ್ಲಿ ಲಂಡನ್ನಿನ ವಾಲ್ಟರ್ ಲೆಗ್ ಎಂಬವನು ಚಂದಾದಾರರನ್ನು ಕೂಡಿಸಿ ವೋಲ್ಫನ ಗೀತಗಳ ತಟ್ಟೆಗಳನ್ನು ಹೊರತರುವ ಸಂಘವನ್ನು ಏರ್ಪಡಿಸಿದನು. ಇಂತಹುದೇ ಒಂದು ಕಾರ್ಯಕ್ಕೆ ಮೈಸೂರಿನ ಶ್ರೀ ಜಯಚಾಮರಾಜ ಒಡೆಯರವರು ಪೋಷಕರಾದರು. ಅವರ ಧನಸಹಾಯದಿಂದ ರಷ್ಯದ ಸಂಗೀತರಚಕನಾದ ನಿಕೊಲಾಯ್ ಮೆಟ್ನರನ ಕೃತಿಗಳು ಮುದ್ರಿತವಾದುವು. 1950ರಲ್ಲಿ, ಗಯಟೆಯ ಕವಿತೆಗಳಿಗೆ ಅವನು ರಚಿಸಿದ್ದ ಗೀತಗಳನ್ನು ಷ್ವಾರ್ಟ್ಸ್‌ಕೋಪ್ಫ್ ಹಾಡಿದಳು, ವೃದ್ಧನಾದ ಮೆಟ್ನರನೇ ಪಿಯಾನೋ ನುಡಿಸಿದನು. ಅದೇ ವರ್ಷದ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಷ್ಟ್ರೌಸನ ಕಡೆಯ ನಾಲ್ಕು ಗೀತಗಳು, ವಾದ್ಯವೃಂದದೊಡನೆ, ಮೊದಲ ಬಾರಿಗೆ ಕೇಳಿಬಂದುದೂ ಒಡೆಯರವರ ನೆರವಿನಿಂದಲೇ. ಕರ್ಣಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿ ತಾವೇ ವಾಗ್ಗೇಯಕಾರರಾಗಿದ್ದ ಅರಸರು, ಮಾತು ಒಬ್ಬನದು ಧಾತು ಇನ್ನೊಬ್ಬನದಾದ ಈ ಪರಕೀಯ ಪ್ರಕಾರಕ್ಕೂ ಆಶ್ರಯವಿತ್ತರೆಂಬುದು ಸ್ಮರಣಾರ್ಹ.

ಮೊದಲಿನ ಪ್ರಶ್ನೆಗೆ ಈಗ ಉತ್ತರವನ್ನು ಹೇಳಬಹುದು. ಲೀಡ್ ಎಂಬುದು ಕವಿತೆಗೆ ತೊಡಿಸಿದ ಒಡವೆಯಲ್ಲ, ಕವಿತೆಯ ಬದಲಿಗೆ ನಿಲ್ಲುವ ವಸ್ತುವೂ ಅಲ್ಲ, ಅದೊಂದು ವ್ಯಾಖ್ಯಾನ. ಮಲ್ಲಿನಾಥನ ಟೀಕೆಯನ್ನು ಓದಿದವನಿಗೆ ಕಾಳಿದಾಸನ ಮೂಲವನ್ನು ಓದುವ ಹೊಣೆಯು ತಪ್ಪುವುದಿಲ್ಲ. ಹಾಗೆಯೇ ಷೂಬರ್ಟನನ್ನು ಕೇಳಿದವನಿಗೆ ಗಯಟೆಯನ್ನು ಓದುವ ಹೊಣೆಯು ತಪ್ಪದು. ಒಂದು ಮೂಲಕ್ಕೆ ಹಲವು ವ್ಯಾಖ್ಯಾನಗಳು ಸಲ್ಲುತ್ತವೆ. ಗಯಟೆಯ ಮಿನ್ಯೋನ್ ಎಂಬ ಬಾಲೆಯು ತೆಂಕಣ ನಾಡನ್ನು ಹಂಬಲಿಸಿ ಹಾಡುವ ಗೀತಕ್ಕೆ ಬೇಥೋವನ್, ಷೂಬರ್ಟ್, ಲಿಸ್ಟ್, ಷೂಮನ್, ವೋಲ್ಫ್ ಈ ಐವರೂ ಸಂಗೀತವನ್ನು ರಚಿಸಿದ್ದಾರೆ. ಅವಳ ಇನ್ನೊಂದು ಗೀತಕ್ಕೆ ಬೇಥೋವನನೊಬ್ಬನೇ ನಾಲ್ಕು ಧಾಟಿಗಳನ್ನು ಕಟ್ಟಿದನು. ಯಾವುದೊಂದೂ ಕವಿತೆಯನ್ನು ಮುಗಿಸಿಬಿಟ್ಟಿಲ್ಲ. ಕಾವ್ಯಬೋಧಕನು ಇಂತಹ ಎರಡು ಗೀತಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು, ಮೂಲವನ್ನು ಮುಂದಿಟ್ಟುಕೊಂಡು ಕೇಳಿಸಿದರೆ, ಅರ್ಥಭೇದವು ಎಲ್ಲಿ ಹುಟ್ಟಿತೆಂಬುದನ್ನು ವಿದ್ಯಾರ್ಥಿಯು ಕಿವಿಯಿಂದಲೇ ತಿಳಿಯುವನು. ತನ್ನ ಪದಗಳು ಸಂಗೀತದಲ್ಲಿ ಮುಳುಗಿಹೋದಾವೆಂಬ ಗಯಟೆಯ ಅಂಜಿಕೆಯು ನಿರಾಧಾರವಾದುದಲ್ಲ. ಆ ಅಂಜಿಕೆಗೆ ಪರಿಹಾರವು ಶ್ರೋತೃವಿನ ಕೈಯಲ್ಲಿರುವ ಅಚ್ಚಿನ ಹಾಳೆ.