ಆಟೋದ ಹೊಗೆ, ಮಕ್ಕಳ ಎದೆ: ಎಥೆನಾಲ್ ಮೇಲೋ, ಬ್ಯಾಟರಿ ಮೇಲೋ?

ಕಳೆದ ತಿಂಗಳು ನನ್ನ ದವಾಖಾನೆಗೆ ಆಟೋ ಓಡಿಸುವವರೊಬ್ಬರು ಬಂದಿದ್ದರು. ವಯಸ್ಸು ಐವತ್ತರ ಹತ್ತಿರ. ಬೀಡಿ, ಸಿಗರೇಟಿನ ಚಟವಿಲ್ಲ. ಆದರೂ ಎರಡು ವರ್ಷದಿಂದ ಬಿಡದ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಕಫ ಪರೀಕ್ಷೆ, ಎಕ್ಸ್‌ರೇ ಮಾಡಿಸಿದೆವು, ಕ್ಷಯ ಇರಲಿಲ್ಲ. ದಿನಕ್ಕೆ ಹತ್ತು ಹನ್ನೆರಡು ತಾಸು ಲಾರಿ, ಬಸ್ಸುಗಳ ಹಿಂದೆಯೇ ಅವರ ಉಸಿರಾಟ. ಔಷಧ ಬರೆದು, ಶ್ವಾಸಕೋಶ ತಜ್ಞರ ಬಳಿಗೂ ಕಳಿಸಿದೆ. ಹೊರಡುವಾಗ ಅವರು ಕೇಳಿದರು: "ಹಕೀಮ್ ಸಾಬ್, ಗಾಡಿ ಹಳೇದಾಗೇತಿ. ಬ್ಯಾಟರಿ ಆಟೋ ತಗೊಳ್ಳೋದು ಛಲೋನೋ, ಪೆಟ್ರೋಲಿಂದೇ ತಗೊಳ್ಳೋದೋ? ಈಗ ಪೆಟ್ರೋಲಿನಾಗ ಕಬ್ಬಿನ ಎಣ್ಣಿ ಹಾಕ್ತಾರಂತ, ಹೊಗಿ ಕಮ್ಮಿ ಅಂತಾರ."

ಅವರ ಆಟೋದಲ್ಲೇ ಓಣಿಯ ಮಕ್ಕಳು ಶಾಲೆಗೆ ಹೋಗುತ್ತಾರೆ. ಹಾಗಾಗಿ ಈ ಪ್ರಶ್ನೆ ನಿಮ್ಮದೂ ಹೌದು.

ಮೊದಲನೆಯದು ಹವಾ

ಯುನಾನಿ ಶಾಸ್ತ್ರದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳಿವೆ. ಇವನ್ನು 'ಅಸ್ಬಾಬೆ ಸಿತ್ತಾ ಝರೂರಿಯ್ಯಾ' ಎನ್ನುತ್ತೇವೆ. ಅನ್ನ, ನೀರು, ನಿದ್ದೆ ಎಲ್ಲಕ್ಕಿಂತ ಮೊದಲು ಬರುವುದು ಹವಾ, ಅಂದರೆ ಗಾಳಿ. ಊಟವಿಲ್ಲದೆ ಕೆಲವು ದಿನ ಇರಬಹುದು, ಗಾಳಿಯಿಲ್ಲದೆ ಕೆಲವು ನಿಮಿಷವೂ ಆಗದು.

ಹೊಗೆಯಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಕಾಣದ ಕಣಗಳೇ ಅಪಾಯಕಾರಿ. 2.5 ಮೈಕ್ರಾನಿಗಿಂತ ಸಣ್ಣ ಕಣ ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ. ಅದು ಶ್ವಾಸಕೋಶದ ತಳಕ್ಕಿಳಿಯುತ್ತದೆ, ರಕ್ತಕ್ಕೂ ಸೇರಬಲ್ಲದು. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಘೋಷಿಸಿದೆ. ಮಕ್ಕಳು ದೊಡ್ಡವರಿಗಿಂತ ವೇಗವಾಗಿ ಉಸಿರಾಡುತ್ತಾರೆ. ಅವರ ಮೂಗಿನ ಎತ್ತರವೂ ಸೈಲೆನ್ಸರಿಗೆ ಹತ್ತಿರ.

ಕಬ್ಬಿನಿಂದ ಬರುವ ಎಥೆನಾಲ್

ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಇದರಿಂದ ಇಂಗಾಲದ ಮೊನಾಕ್ಸೈಡ್ ಎಂಬ ವಿಷಾನಿಲ ದ್ವಿಚಕ್ರ ವಾಹನಗಳಲ್ಲಿ ಸುಮಾರು ಅರ್ಧದಷ್ಟು, ಕಾರುಗಳಲ್ಲಿ ಶೇಕಡಾ 30ರಷ್ಟು ಇಳಿಯುತ್ತದೆ ಎಂದು ನೀತಿ ಆಯೋಗದ 2021ರ ವರದಿ ಹೇಳಿದೆ. ಇದು ಸಣ್ಣ ಲಾಭವಲ್ಲ.

ಆದರೆ ಹೊಗೆ ನಿಲ್ಲುವುದಿಲ್ಲ. ಸಾರಜನಕದ ಆಕ್ಸೈಡುಗಳು ಸ್ಪಷ್ಟವಾಗಿ ಇಳಿದದ್ದು ಕಂಡಿಲ್ಲ. ಕಣ್ಣು, ಗಂಟಲು ಉರಿಸುವ ಅಸಿಟಾಲ್ಡಿಹೈಡ್ ತುಸು ಹೆಚ್ಚುತ್ತದೆ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹೀಗಾಗಿ ಮೈಲೇಜೂ ಸ್ವಲ್ಪ ಇಳಿಯುತ್ತದೆ. ಇನ್ನು ನೀರಿನ ಲೆಕ್ಕ ನೋಡಿ: ಕಬ್ಬಿನಿಂದ ಒಂದು ಲೀಟರ್ ಎಥೆನಾಲಿಗೆ ಸುಮಾರು 2,860 ಲೀಟರ್ ನೀರು ಬೇಕೆಂದು ಅದೇ ವರದಿ ಹೇಳುತ್ತದೆ. ಬೇಸಿಗೆಯಲ್ಲಿ ಕೊಡಕ್ಕಾಗಿ ಸರದಿ ನಿಲ್ಲುವ ನಮ್ಮ ವಿಜಯಪುರದ ಹಳ್ಳಿಗಳವರಿಗೆ ಈ ಸಂಖ್ಯೆಯನ್ನು ಬಿಡಿಸಿ ಹೇಳಬೇಕಿಲ್ಲ.

ಕರಿದ ಎಣ್ಣೆಗೂ ಒಂದು ದಾರಿ

ಜೈವಿಕ ಇಂಧನವೆಂದರೆ ಕಬ್ಬೊಂದೇ ಅಲ್ಲ. ಹೊಂಗೆ ಬೀಜದಿಂದ ಜೈವಿಕ ಡೀಸೆಲ್ ತಯಾರಿಸುವ ಪ್ರಯತ್ನ ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ವರ್ಷಗಳಿಂದ ನಡೆದಿದೆ. ಬಳಸಿದ ಅಡುಗೆ ಎಣ್ಣೆಯಿಂದಲೂ ಇದನ್ನು ಮಾಡಬಹುದು. ಇದಕ್ಕಾಗಿಯೇ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ 'ರೂಕೋ' ಯೋಜನೆ ಆರಂಭಿಸಿತು. ರಮಝಾನಿನಲ್ಲಿ ಸಮೋಸಾ, ಭಜಿ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದು ಹೃದಯಕ್ಕೂ ಯಕೃತ್ತಿಗೂ ಕೆಡುಕು. ಹೋಟೆಲ್, ಬೇಕರಿ ನಡೆಸುವವರು ಆ ಎಣ್ಣೆಯನ್ನು ಅಧಿಕೃತ ಸಂಗ್ರಾಹಕರಿಗೆ ಕೊಟ್ಟರೆ ಗಿರಾಕಿಯ ಹೊಟ್ಟೆಯೂ ಉಳಿಯುತ್ತದೆ, ರಸ್ತೆಯ ಹೊಗೆಯೂ ತಗ್ಗುತ್ತದೆ.

ಬ್ಯಾಟರಿ ಗಾಡಿ

ಇದಕ್ಕೆ ಸೈಲೆನ್ಸರೇ ಇಲ್ಲ. ಶಾಲೆಯ ಗೇಟಿನ ಮುಂದೆ ನಿಂತ ಮಗುವಿನ ಮೂಗಿಗೆ ಇದರಿಂದ ಹೊಗೆ ಹೋಗದು. ವೈದ್ಯನಾದ ನನಗೆ ಇದೇ ದೊಡ್ಡ ಮಾತು.

"ಕರೆಂಟು ಕಲ್ಲಿದ್ದಲಿನಿಂದ ಬರುತ್ತದಲ್ಲ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಜಿಲ್ಲೆಯ ಕೂಡಗಿಯಲ್ಲೇ 2,400 ಮೆಗಾವಾಟಿನ ಕಲ್ಲಿದ್ದಲು ಸ್ಥಾವರವಿದೆ. ಅಲ್ಲಿನ ಸುತ್ತಲಿನವರೂ ನಮ್ಮವರೇ. ಹೊಗೆ ಪೇಟೆಯಿಂದ ಊರಾಚೆಗೆ ಹೋಯಿತೆಂದು ನಾವು ಸುಮ್ಮನಿರುವಂತಿಲ್ಲ. ಆದರೆ ಎರಡು ಸಂಗತಿ ನೆನಪಿಡಿ. ಪೆಟ್ರೋಲ್ ಎಂಜಿನ್ ಇಂಧನದ ಶಕ್ತಿಯಲ್ಲಿ ಮುಕ್ಕಾಲು ಭಾಗವನ್ನು ಬಿಸಿಯಾಗಿ ಕಳೆಯುತ್ತದೆ. ವಿದ್ಯುತ್ ಮೋಟರ್ ತನಗೆ ಸಿಕ್ಕ ಶಕ್ತಿಯ ಬಹುಪಾಲನ್ನು ಚಕ್ರಕ್ಕೇ ಕೊಡುತ್ತದೆ. ಜೊತೆಗೆ ಪಾವಗಡದ ಸೌರ ಪಾರ್ಕು, ನಮ್ಮ ಭಾಗದ ಗಾಳಿಯಂತ್ರಗಳ ಕರೆಂಟು ಹೆಚ್ಚಿದಷ್ಟೂ ನೀವು ಇಂದು ಕೊಂಡ ಗಾಡಿ ನಾಳೆ ಇನ್ನಷ್ಟು ಸ್ವಚ್ಛವಾಗುತ್ತದೆ.

ದೋಷಗಳೂ ಇವೆ. ಟೈರು ಸವೆದು ಏಳುವ ಧೂಳು ಇದರಲ್ಲೂ ಇದೆ. ಅಗ್ಗದ ಇ-ರಿಕ್ಷಾಗಳಲ್ಲಿ ಸೀಸದ ಬ್ಯಾಟರಿ ಇರುತ್ತದೆ. ಅದನ್ನು ಓಣಿಯಲ್ಲಿ ಒಡೆದು ಕರಗಿಸಿದರೆ ಸೀಸ ಮಕ್ಕಳ ಮಿದುಳಿಗೆ ವಿಷ.

ನನ್ನ ಸಲಹೆ

ಊರೊಳಗೆ ದಿನವಿಡೀ ಓಡುವ ಆಟೋ, ಸ್ಕೂಟರ್, ಶಾಲಾ ವಾಹನಕ್ಕೆ ಬ್ಯಾಟರಿಯೇ ಮೇಲು. ದೂರದ ಲಾರಿಗಳಿಗೆ, ಈಗಾಗಲೇ ಮನೆಯಲ್ಲಿರುವ ಗಾಡಿಗಳಿಗೆ ಸದ್ಯ ಜೈವಿಕ ಇಂಧನವೇ ಆಸರೆ. ಅದೂ ಕಬ್ಬಿಗಿಂತ ತ್ಯಾಜ್ಯದಿಂದ ಬಂದದ್ದಾದರೆ ಒಳ್ಳೆಯದು. ಯಾವ ಗಾಡಿಯಿದ್ದರೂ ಇಷ್ಟು ಪಾಲಿಸಿ:

• ಶಾಲೆ, ಆಸ್ಪತ್ರೆ, ಮಸೀದಿಯ ಮುಂದೆ ಕಾಯುವಾಗ ಎಂಜಿನ್ ಆರಿಸಿ.
• ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಡಬೇಡಿ. ವಾಸನೆಯಿಲ್ಲದ ವಿಷಾನಿಲ ಪ್ರಾಣ ತೆಗೆಯಬಲ್ಲದು.
• ಹಳೆಯ ಗಾಡಿಯಿದ್ದರೆ ಪೆಟ್ರೋಲ್ ಪೈಪು, ರಬ್ಬರ್ ಭಾಗಗಳನ್ನು ಮೆಕ್ಯಾನಿಕ್‌ಗೆ ತೋರಿಸಿ.
• ಬಾಗಿಲು, ಮೆಟ್ಟಿಲಿನ ಬಳಿ ಬ್ಯಾಟರಿ ಚಾರ್ಜಿಗಿಡಬೇಡಿ. ಕಂಪನಿಯ ಚಾರ್ಜರನ್ನೇ ಬಳಸಿ.
• ಹಳೆ ಬ್ಯಾಟರಿಯನ್ನು ಗುಜರಿಗೆ ಹಾಕದೆ ಮಾರಿದ ಅಂಗಡಿಗೇ ಮರಳಿಸಿ.
• ಹತ್ತಿರದ ಅಂಗಡಿಗೆ, ನಮಾಝಿಗೆ ನಡೆದೇ ಹೋಗಿ.

ಆ ಆಟೋ ಅಣ್ಣ ಮೊನ್ನೆ ಮತ್ತೆ ಬಂದಿದ್ದರು. ಕೆಮ್ಮು ಸ್ವಲ್ಪ ಹಗುರಾಗಿದೆ. ಬ್ಯಾಟರಿ ಆಟೋದ ಬೆಲೆ ಕೇಳಿ ಬಂದಿದ್ದಾರೆ, ಸಾಲದ ಲೆಕ್ಕ ಇನ್ನೂ ಕೂಡಿಲ್ಲ. "ಅಲ್ಲೀತನಕ ಶಾಲಿ ಮುಂದ ಗಾಡಿ ಬಂದ್ ಮಾಡ್ತೀನ್ರಿ, ಉಳಿದವರಿಗೂ ಹೇಳೀನಿ" ಎಂದರು. ಅದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ನೀವೂ ನಾಳೆಯಿಂದಲೇ ಶುರು ಮಾಡಬಹುದು.