ಇನ್ಸುಲಿನ್ ಸಂವೇದನೆ: ದೇಹತೂಕದಾಚೆಯ ನಿರ್ಧಾರಕ ಅಂಶಗಳು

ಮಧುಮೇಹವು ಇನ್ಸುಲಿನ್ನಿನ ಕೊರತೆಯಿಂದ ಬರುವ ರೋಗವೆಂದು ಹೇಳುವುದು ವಾಡಿಕೆ. 1921ರಲ್ಲಿ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಅವರು ಈ ಹಾರ್ಮೋನನ್ನು ಮೇದೋಜೀರಕ ಗ್ರಂಥಿಯಿಂದ ಬೇರ್ಪಡಿಸಿದಾಗ ಆ ವಿವರಣೆ ಪರಿಪೂರ್ಣವೆಂದೇ ತೋರಿತ್ತು. ಆದರೆ 1936ರಲ್ಲಿ ಲಂಡನ್ನಿನ ವೈದ್ಯ ಹೆರಾಲ್ಡ್ ಹಿಮ್ಸ್‌ವರ್ತ್ ಅವರು ರೋಗಿಗಳಿಗೆ ಗ್ಲೂಕೋಸ್ ಮತ್ತು ಇನ್ಸುಲಿನ್‌ಗಳನ್ನು ಒಟ್ಟಿಗೆ ನೀಡಿ ಪರೀಕ್ಷಿಸಿದಾಗ ಬೇರೊಂದು ಸಂಗತಿ ಗೋಚರಿಸಿತು. ಕೆಲವರಲ್ಲಿ ಇನ್ಸುಲಿನ್ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿರಿಸಿತು. ಮತ್ತೆ ಕೆಲವರಲ್ಲಿ ಅದೇ ಇನ್ಸುಲಿನ್ ಹೆಚ್ಚಿನ ಪರಿಣಾಮ ಬೀರಲಿಲ್ಲ. ಹಾರ್ಮೋನು ಇರುವುದು ಬೇರೆ, ದೇಹ ಅದಕ್ಕೆ ಓಗೊಡುವುದು ಬೇರೆ ಎಂಬ ತಿಳಿವಳಿಕೆ ಅಲ್ಲಿಂದ ಮೊದಲಾಯಿತು. 1960ರ ಸುಮಾರಿಗೆ ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ಅವರು ರಕ್ತದಲ್ಲಿನ ಇನ್ಸುಲಿನ್ ಪ್ರಮಾಣವನ್ನು ಅಳೆಯುವ ವಿಧಾನವನ್ನು ರೂಪಿಸಿದರು. ವಯಸ್ಕ ಮಧುಮೇಹಿಗಳಲ್ಲಿ ಅನೇಕರಿಗೆ ಇನ್ಸುಲಿನ್ ಕಡಿಮೆ ಇರುವುದಿಲ್ಲವೆಂಬುದು ಆಗ ಸಿದ್ಧವಾಯಿತು.

ಪರಿಕಲ್ಪನೆ ಮತ್ತು ಮಾಪನ

ರಕ್ತದಲ್ಲಿರುವ ನಿರ್ದಿಷ್ಟ ಪ್ರಮಾಣದ ಇನ್ಸುಲಿನ್ನಿಗೆ ಅಂಗಾಂಶಗಳು ತೋರುವ ಪ್ರತಿಕ್ರಿಯೆಯ ಮಟ್ಟವೇ ಇನ್ಸುಲಿನ್ ಸಂವೇದನೆ. ಸಂವೇದನೆ ಕುಗ್ಗಿದಾಗ ಮೇದೋಜೀರಕ ಗ್ರಂಥಿಯು ಹೆಚ್ಚು ಇನ್ಸುಲಿನ್ ಸ್ರವಿಸಿ ಕೊರತೆಯನ್ನು ತುಂಬುತ್ತದೆ. ಹೀಗೆ ವರ್ಷಗಟ್ಟಲೆ ಸಕ್ಕರೆಯ ಮಟ್ಟ ಸಹಜವಾಗಿಯೇ ಉಳಿಯಬಹುದು. ಗ್ರಂಥಿಯ ಶಕ್ತಿ ಸಾಲದಾದಾಗ ಮಾತ್ರ ಮಧುಮೇಹ ಪ್ರಕಟವಾಗುತ್ತದೆ.

ಸಂವೇದನೆಯ ಮಾಪನಕ್ಕೆ 1979ರಲ್ಲಿ ರಾಲ್ಫ್ ಡಿಫ್ರಾಂಜೊ ಮತ್ತು ಸಂಗಡಿಗರು ವಿವರಿಸಿದ ‘ಕ್ಲ್ಯಾಂಪ್’ ವಿಧಾನವೇ ಇಂದಿಗೂ ಆದರ್ಶವೆನಿಸಿದೆ. ಇದರಲ್ಲಿ ಇನ್ಸುಲಿನ್ನನ್ನು ಒಂದೇ ಗತಿಯಲ್ಲಿ ರಕ್ತನಾಳಕ್ಕೆ ಹರಿಸುತ್ತ, ಸಕ್ಕರೆಯ ಮಟ್ಟ ಇಳಿಯದಂತೆ ಗ್ಲೂಕೋಸನ್ನೂ ಪೂರೈಸಲಾಗುತ್ತದೆ. ಹೆಚ್ಚು ಗ್ಲೂಕೋಸ್ ಬೇಕಾದಷ್ಟೂ ಸಂವೇದನೆ ಹೆಚ್ಚು ಎಂದರ್ಥ. ಕ್ಷೇತ್ರಾಧ್ಯಯನಗಳಿಗೆ ಈ ವಿಧಾನ ದುಬಾರಿಯಾದುದರಿಂದ, 1985ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ನಿರಾಹಾರ ಸ್ಥಿತಿಯ ಗ್ಲೂಕೋಸ್ ಮತ್ತು ಇನ್ಸುಲಿನ್ ಅಳತೆಗಳಿಂದಲೇ ಅಂದಾಜು ಮಾಡುವ ‘ಹೋಮಾ’ ಸೂತ್ರವನ್ನು ಮುಂದಿಟ್ಟರು.

ಸ್ನಾಯು, ಕೊಬ್ಬು ಮತ್ತು ಯಕೃತ್ತು

ಆರೋಗ್ಯವಂತರಲ್ಲಿ ಕ್ಲ್ಯಾಂಪ್ ಪರೀಕ್ಷೆಯ ಕಾಲಕ್ಕೆ ದೇಹ ಬಳಸಿಕೊಳ್ಳುವ ಗ್ಲೂಕೋಸಿನ ಸುಮಾರು ಶೇ. 80ರಷ್ಟು ಭಾಗ ಅಸ್ಥಿಸ್ನಾಯುಗಳಿಗೆ ಸೇರುತ್ತದೆ. ಇನ್ಸುಲಿನ್ ಸ್ನಾಯುಕೋಶದ ಹೊರಮೈಯ ಗ್ರಾಹಕಕ್ಕೆ ಅಂಟಿಕೊಂಡೊಡನೆ ಒಳಗೆ ಸಂಕೇತಗಳ ಸರಣಿಯೊಂದು ಚಾಲನೆಗೊಳ್ಳುತ್ತದೆ. ‘ಗ್ಲುಟ್-4’ ಎಂಬ ವಾಹಕ ಪ್ರೋಟೀನುಗಳು ಕೋಶದ ಅಂಚಿಗೆ ಬಂದು ಗ್ಲೂಕೋಸನ್ನು ಒಳಗೆ ಬಿಡುತ್ತವೆ. ಸ್ನಾಯು ಸಂಕುಚಿಸಿದಾಗ ಇದೇ ವಾಹಕಗಳು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ಬೇರೊಂದು ಮಾರ್ಗದಿಂದ ಅಂಚಿಗೆ ಬರುತ್ತವೆಂಬುದು ಗಮನಾರ್ಹ. ದೈಹಿಕ ಶ್ರಮದ ಮಹತ್ವ ಇರುವುದು ಇಲ್ಲಿಯೇ. ಶ್ರಮದ ಅನಂತರ ಒಂದೆರಡು ದಿನ ಸಂವೇದನೆಯೂ ಹೆಚ್ಚಿರುತ್ತದೆ. ಆ ಬಳಿಕ ಲಾಭ ಕರಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ದೀರ್ಘಕಾಲ ಹಾಸಿಗೆ ಹಿಡಿಯುವುದು ಸಂವೇದನೆಯನ್ನು ಕುಗ್ಗಿಸುತ್ತದೆ.

ಚರ್ಮದಡಿಯ ಕೊಬ್ಬಿನ ಅಂಗಾಂಶವು ದೇಹದ ಉಗ್ರಾಣವಿದ್ದಂತೆ. ಅದರ ಧಾರಣಶಕ್ತಿ ಮೀರಿದಾಗ ಕೊಬ್ಬು ಯಕೃತ್ತು, ಸ್ನಾಯು ಮತ್ತು ಉದರದೊಳಗಿನ ಅಂಗಗಳ ಸುತ್ತ ಸಂಗ್ರಹವಾಗುತ್ತದೆ. ಅಲ್ಲಿ ಉಂಟಾಗುವ ಕೊಬ್ಬಿನ ಮಧ್ಯಂತರ ವಸ್ತುಗಳು ಇನ್ಸುಲಿನ್ ಸಂಕೇತದ ಸರಣಿಗೆ ಅಡ್ಡಿಯಾಗುತ್ತವೆ. ಗ್ಲೂಕೋಸ್ ತಯಾರಿಕೆಯನ್ನು ನಿಲ್ಲಿಸುವ ಇನ್ಸುಲಿನ್ ಆದೇಶವನ್ನು ಯಕೃತ್ತು ಸರಿಯಾಗಿ ಪಾಲಿಸದಿದ್ದಾಗ ಉಪವಾಸದಲ್ಲಿಯೂ ಸಕ್ಕರೆ ಏರುತ್ತದೆ. ಆದ್ದರಿಂದ ಕೊಬ್ಬು ಎಷ್ಟಿದೆ ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ.

ಭಾರತೀಯ ಸಂದರ್ಭ

ಈ ಅಂಶ ಭಾರತೀಯರಲ್ಲಿ ವಿಶೇಷವಾಗಿ ಎದ್ದು ಕಾಣುತ್ತದೆ. ಪುಣೆಯ ಸಂಶೋಧಕ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಅವರು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ದೇಹಗಳನ್ನೇ ನಿದರ್ಶನವಾಗಿ ಮುಂದಿಟ್ಟರು. ಇಬ್ಬರ ದೇಹತೂಕ ಸೂಚ್ಯಂಕವೂ 22.3, ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ತಕ್ಕಡಿ ಸಮವೆಂದದ್ದನ್ನು ದೇಹರಚನೆ ಸಮವೆನ್ನಲಿಲ್ಲ.

ಈ ವ್ಯತ್ಯಾಸದ ಬೇರುಗಳು ಗರ್ಭಾವಸ್ಥೆಯವರೆಗೂ ಚಾಚಿವೆ. ಪುಣೆಯ ಗ್ರಾಮೀಣ ಶಿಶುಗಳ ಸರಾಸರಿ ಜನನತೂಕ 2.7 ಕಿಲೊ, ಇಂಗ್ಲೆಂಡಿನ ಶಿಶುಗಳದು 3.5 ಕಿಲೊ ಇದ್ದರೂ, ಪುಣೆಯ ಶಿಶುಗಳಲ್ಲಿ ಕುಗ್ಗಿದ್ದುದು ಮುಖ್ಯವಾಗಿ ಸ್ನಾಯು ಮತ್ತು ಉದರದ ಅಂಗಗಳು. ಕೊಬ್ಬು ಬಹುಮಟ್ಟಿಗೆ ಉಳಿದಿತ್ತೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕರ್ನಾಟಕದ ಕೊಡುಗೆಯೂ ಇಲ್ಲಿ ಸ್ಮರಣೀಯ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಕಾಯ್ದಿರಿಸಿದ ಜನನ ದಾಖಲೆಗಳ ನೆರವಿನಿಂದ ಅಲ್ಲಿಯೇ ಹುಟ್ಟಿದ 506 ಮಂದಿ ವಯಸ್ಕರನ್ನು ಪತ್ತೆಹಚ್ಚಿ ಪರೀಕ್ಷಿಸಲಾಯಿತು. 1998ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಹುಟ್ಟಿದಾಗ ಗಿಡ್ಡವಾಗಿ, ಉದ್ದಕ್ಕೆ ಹೋಲಿಸಿದರೆ ದಪ್ಪವಾಗಿದ್ದವರಲ್ಲಿ ಹಾಗೂ ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚು ಕಂಡಿತು. ಜನನತೂಕ ಕಡಿಮೆಯಾದಷ್ಟೂ ಅಪಾಯ ಹೆಚ್ಚೆಂಬ ಇಂಗ್ಲೆಂಡಿನ ನಿರ್ಣಯವನ್ನು ಇಲ್ಲಿಗೆ ಯಥಾವತ್ತಾಗಿ ಅನ್ವಯಿಸಲಾಗದೆಂಬುದು ಇದರಿಂದ ವಿದಿತವಾಯಿತು.

ತಾತ್ಕಾಲಿಕ ಅಂಶಗಳು

ಸಂವೇದನೆಯು ಸ್ಥಿರವಾದ ಗುಣವಲ್ಲ. ಗರ್ಭಧಾರಣೆಯ ಉತ್ತರಾರ್ಧದಲ್ಲಿ ಅದು ಗಣನೀಯವಾಗಿ ತಗ್ಗಿ, ಭ್ರೂಣಕ್ಕೆ ಗ್ಲೂಕೋಸ್ ಉಳಿಸಿಕೊಡುತ್ತದೆ. ಹರೆಯದಲ್ಲಿ ಬೆಳವಣಿಗೆಯ ಹಾರ್ಮೋನಿನ ಪ್ರಭಾವದಿಂದಲೂ ಕುಗ್ಗುತ್ತದೆ. ಇವು ರೋಗಗಳಲ್ಲ, ದೇಹಧರ್ಮಗಳು. ಸೋಂಕು, ಮಾನಸಿಕ ಒತ್ತಡ ಮತ್ತು ಸ್ಟೀರಾಯ್ಡ್ ಔಷಧಿಗಳೂ ಇದೇ ಪರಿಣಾಮವನ್ನುಂಟುಮಾಡುತ್ತವೆ. ನಿದ್ರೆಯ ಪಾತ್ರವೂ ನಿರ್ಲಕ್ಷಿಸತಕ್ಕದ್ದಲ್ಲ. 1999ರಲ್ಲಿ ಪ್ರಕಟವಾದ ಷಿಕಾಗೊ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ, ಆರು ರಾತ್ರಿ ತಲಾ ನಾಲ್ಕು ಗಂಟೆ ಮಾತ್ರ ಮಲಗಿದ 11 ಮಂದಿ ಆರೋಗ್ಯವಂತ ಯುವಕರ ದೇಹ ಗ್ಲೂಕೋಸನ್ನು ನಿಭಾಯಿಸುವ ಸಾಮರ್ಥ್ಯ ಸ್ಪಷ್ಟವಾಗಿ ಕುಂದಿತ್ತು.

ಫಲಿತಾರ್ಥ

ಚೆನ್ನೈಯಲ್ಲಿ ಎ. ರಾಮಚಂದ್ರನ್ ಅವರ ನೇತೃತ್ವದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಕಾರ್ಯಕ್ರಮದಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದವರಿಗೆ ನಡಿಗೆ ಮತ್ತು ಆಹಾರ ಸುಧಾರಣೆಯನ್ನು ಸೂಚಿಸಿದಾಗ ರೋಗದ ಅಪಾಯ ಶೇ. 28.5ರಷ್ಟು ತಗ್ಗಿತು. ಅವರ ದೇಹತೂಕದಲ್ಲಿ ಮಾತ್ರ ಹೇಳಿಕೊಳ್ಳುವಂತಹ ಇಳಿಕೆಯಾಗಿರಲಿಲ್ಲ. ತೂಕ ಇಳಿಯಲಿಲ್ಲವೆಂದು ವ್ಯಾಯಾಮವನ್ನು ಕೈಬಿಡುವವರಿಗೆ ಈ ಫಲಿತಾಂಶ ಉತ್ತರವಾಗಬಲ್ಲದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ರಾಷ್ಟ್ರೀಯ ಸಮೀಕ್ಷೆಯು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿಯೆಂದೂ, ಹೊಸ್ತಿಲಲ್ಲಿರುವವರನ್ನು 13.6 ಕೋಟಿಯೆಂದೂ ಅಂದಾಜಿಸಿತು. ಇಷ್ಟು ದೊಡ್ಡ ಸಮುದಾಯದ ರಕ್ಷಣೆಗೆ ತಕ್ಕಡಿಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಸೊಂಟದ ಸುತ್ತಳತೆ, ಸ್ನಾಯುಬಲ, ನಿದ್ರೆ ಇವೂ ತಪಾಸಣೆಯ ಅಂಗಗಳಾಗಬೇಕು. ಸಂವೇದನೆಯ ಬುನಾದಿ ಗರ್ಭದಲ್ಲಿಯೇ ಬೀಳುವುದರಿಂದ, ತಾಯಿಯ ಪೋಷಣೆ ಮತ್ತು ಗರ್ಭಿಣಿಯ ಸಕ್ಕರೆಯ ಪರೀಕ್ಷೆಗಳನ್ನು ಮುಂದಿನ ಪೀಳಿಗೆಯ ಮಧುಮೇಹ ತಡೆಯ ಮೊದಲ ಹೆಜ್ಜೆಯೆಂದು ಪರಿಗಣಿಸುವುದು ಅವಶ್ಯ.